ಹೋಗಿ ಬರುವಷ್ಟು ದೂರ

ಜೆ.ಪಿ. ನಗರದವರ ರೈಲು ಪ್ರಯಾಣದಲ್ಲಿ ಅತಿ ಉದ್ದದ ಭಾಗ ರೈಲು ಹತ್ತುವ ಮೊದಲೇ ಮುಗಿದಿರುತ್ತದೆ. ನಾವು ಆಟೋ ಹಿಡಿದು, ಸಾರಕ್ಕಿ ಸಿಗ್ನಲ್ಲಿನಲ್ಲಿ ಕೆಂಪು ದೀಪ ಎರಡು ಸಲ ನೋಡಿ, ಸೌತ್ ಎಂಡ್ ಸರ್ಕಲ್ ದಾಟುವ ಹೊತ್ತಿಗೆ ಮಲ್ಲೇಶ್ವರದವರು ತುಮಕೂರಿನಲ್ಲಿಳಿದು ತಟ್ಟೆ ಇಡ್ಲಿ ತಿನ್ನುತ್ತಿರುತ್ತಾರೆ. ಇದು ನನ್ನ ಮಾತಲ್ಲ, ಮಲ್ಲೇಶ್ವರದಲ್ಲಿರುವ ನನ್ನ ನಾದಿನಿಯ ಮಾತು. ಅವಳ ಮನೆಯಿಂದ ರೈಲ್ವೆ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಎಂದೂ ಹೋದವಳಲ್ಲ, ಆದರೆ ಹೋಗಬಹುದು. ರಾತ್ರಿ ಫೋನಿನಲ್ಲಿ ಮಾತಾಡುತ್ತಿರುವಾಗ ರೈಲು ಕೂಗಿದರೆ ಮಾತು ನಿಲ್ಲಿಸಿ, "ಅತ್ತಿಗೆ, ಕೇಳಿಸ್ತಾ?" ಅನ್ನುತ್ತಾಳೆ. ಕೇಳಿಸಿತು ಅನ್ನದೆ ವಿಧಿಯಿಲ್ಲ.

ನಕ್ಷೆ ಬಿಡಿಸಿ ನೋಡಿದರೆ ನಮಗಾಗಿರುವ ಅನ್ಯಾಯ ಗೊತ್ತಾಗುತ್ತದೆ. ಮೈಸೂರು ಕಡೆಯ ಹಳಿ ನಾಯಂಡಹಳ್ಳಿ, ಕೆಂಗೇರಿ ಅಂತ ಪಶ್ಚಿಮಕ್ಕೆ ಸರಿದುಹೋಯಿತು. ಹೊಸೂರು ಕಡೆಯದು ಕಾರ್ಮೆಲರಾಂ, ಹೀಲಲಿಗೆ ಅಂತ ಪೂರ್ವಕ್ಕೆ ತಿರುಗಿಕೊಂಡಿತು. ನಡುವೆ ಜಯನಗರ, ಬನಶಂಕರಿ, ಬಿಟಿಎಂ ಲೇಔಟ್, ಜೆ.ಪಿ. ನಗರದ ಅಷ್ಟೂ ಹಂತಗಳು ಒಂದು ಗಜ ರೈಲು ಹಳಿಯಿಲ್ಲದೆ ಕೂತಿವೆ. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ಮೊದಲ ರೈಲು ಬಂದಾಗ ಜೆ.ಪಿ. ನಗರವೇ ಇರಲಿಲ್ಲ ನಿಜ. ಆಮೇಲಾದರೂ ಯಾರಿಗಾದರೂ ನೆನಪಾಗಬಾರದಿತ್ತೇ?

ಹಸಿರು ಮೆಟ್ರೊ ಬಂದ ಮೇಲೆ ಸ್ವಲ್ಪ ಮರ್ಯಾದೆ ಬಂದಿದೆ ಅನ್ನಬೇಕು. ಜಯಪ್ರಕಾಶ ನಗರ ಸ್ಟೇಷನ್ನಿನಲ್ಲಿ ಹತ್ತಿ ಕೂತರೆ ಎಲ್ಲೂ ಬದಲಾಯಿಸದೆ ಮೆಜೆಸ್ಟಿಕ್ಕು. ಏಳದೆ ಕೂತೇ ಇದ್ದರೆ ಯಶವಂತಪುರ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಮಾತ್ರ ನಮಗಿನ್ನೂ ಪರಸ್ಥಳವೇ. 2022ರಲ್ಲಿ ಶುರುವಾದ ಆ ನಿಲ್ದಾಣ ಥೇಟ್ ಏರ್‌ಪೋರ್ಟು ಅಂತ ಎಲ್ಲರೂ ಹೊಗಳುತ್ತಾರೆ. ನಮ್ಮ ಮನೆಯಿಂದ ಅಲ್ಲಿಗಿರುವ ದೂರ ನೋಡಿದರೆ ಹೊಗಳಿಕೆ ಉತ್ಪ್ರೇಕ್ಷೆಯಲ್ಲ.

ಈ ಭೂಗೋಳವೆಲ್ಲ ಮನೆಯಲ್ಲಿ ಚರ್ಚೆಗೆ ಬಂದದ್ದು ಮ್ಯೂನಿಕ್ಕಿನಲ್ಲಿರುವ ನನ್ನ ತಂಗಿಯ ಮಗಳಿಂದ. ಆ ಹುಡುಗಿಗೆ ವಾರದ ಕೊನೆ ಬಂದರೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಅಲ್ಲಿ ತಿಂಗಳಿಗೊಂದು ಟಿಕೆಟ್ಟು ಮಾಡಿದ್ದಾರೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದದ್ದು, 2025ಕ್ಕೆ 58 ಆಯಿತು. ಅದೊಂದು ಕೈಯಲ್ಲಿದ್ದರೆ ಜರ್ಮನಿಯ ಯಾವ ಊರಿನ ಸಿಟಿ ಬಸ್ಸು, ಟ್ರಾಮು, ನಿಧಾನದ ರೈಲು ಬೇಕಾದರೂ ಹತ್ತಬಹುದು. ವೇಗದ ರೈಲು ಮಾತ್ರ ಕೂಡದು. ಗಡಿ ದಾಟಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ವರೆಗೂ ಅದು ನಡೆಯುತ್ತದೆ. ಬೆಳಿಗ್ಗೆ ಮ್ಯೂನಿಕ್ಕಿನಲ್ಲಿ ಅವಲಕ್ಕಿ ತಿಂದು ಹೊರಟು, ಮೊಜಾರ್ಟ್ ಹುಟ್ಟಿದ ಮನೆಯ ಮುಂದೆ ಫೋಟೋ ಹೊಡೆಸಿಕೊಂಡು, ರಾತ್ರಿ ಸಾರು ಕಾಯಿಸಲು ಮನೆಗೆ ಬಂದಿರುತ್ತಾಳೆ. ಪರದೇಶದಿಂದ ಇನ್ನೊಂದು ಪರದೇಶಕ್ಕೆ ಹೋಗಿ ಬಂದ ಸುಸ್ತು ಮುಖದಲ್ಲಿ ಹುಡುಕಿದರೂ ಇರುವುದಿಲ್ಲ.

ಯಜಮಾನರಿಗೆ ಇದನ್ನು ಸುಮ್ಮನೆ ಕೇಳಿಸಿಕೊಳ್ಳಲಾಗಲಿಲ್ಲ. ಫೋನಿನಲ್ಲಿ ಏನೋ ಹುಡುಕಿ, "ಅವರದ್ದೇನು ಟೈಮಿಗೆ ಬರುತ್ತಾ? 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ನೂರಕ್ಕೆ 62.5 ಮಾತ್ರ!" ಅಂತ ವಿಜಯೋತ್ಸಾಹದಿಂದ ಓದಿದರು.

"ದೊಡ್ಡಪ್ಪ, ಇಲ್ಲಿ ಆರು ನಿಮಿಷವಾದ್ರೆ ಲೇಟ್ ಅಂತ ಲೆಕ್ಕ," ಅಂದಳು ಅವಳು.

ಮನೆಯಲ್ಲಿ ಕೊಂಚ ಹೊತ್ತು ಯಾರೂ ಮಾತಾಡಲಿಲ್ಲ. ಅತ್ತೆ ಮಾತ್ರ, "ಆರು ನಿಮಿಷವಾ? ಅಷ್ಟು ಹೊತ್ತು ನಂಗೆ ಸೋಫಾದಿಂದ ಏಳೋಕೇ ಬೇಕು," ಅಂದರು.

ಅವಳು ಡಿಸೆಂಬರಿನಲ್ಲಿ ರಜೆಗೆ ಬರುವವಳಿದ್ದಳು. "ದೊಡ್ಡಮ್ಮ, ನಮ್ಮ ಬೆಂಗಳೂರಿಂದ ಹೀಗೆ ಒಂದು ದಿನದಲ್ಲಿ ರೈಲಲ್ಲಿ ಹೋಗಿ ಬರೋ ಜಾಗ ಯಾವುದು? ಕಾರು ಬೇಡ. ನೀವು ಡಿಸೈಡ್ ಮಾಡಿ, ನಾನು ಬಂದ್ಬಿಡ್ತೀನಿ," ಅಂದಳು. ಮಗು ಏನೂ ಅರಿಯದೆ ಹೇಳಿದ ಮಾತು. ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನಕ್ಕೆ ಹುಳಿಗೆ ಯಾವ ತರಕಾರಿ ಅನ್ನುವುದೇ ಶುಕ್ರವಾರದಿಂದ ಚರ್ಚೆಯಾಗಿ ಕೊನೆಗೆ ಫ್ರಿಜ್ಜಿನಲ್ಲಿದ್ದದ್ದು ಬೀಳುತ್ತದೆ.

ಸಮಿತಿ ತಾನೇ ತಾನಾಗಿ ರಚನೆಯಾಯಿತು. ಯಜಮಾನರು ಇತಿಹಾಸ ಮತ್ತು ವೇಳಾಪಟ್ಟಿ, ಮಗ ಆ್ಯಪುಗಳು, ನಾದಿನಿ ಫೋನಿನ ಮೂಲಕ ವಿರೋಧ ಪಕ್ಷ, ನಾನು ತಿಂಡಿ. ವೀಟೋ ಅಧಿಕಾರ ಅತ್ತೆಯದು. ಎಂಬತ್ತು ದಾಟಿರುವ ಅತ್ತೆ ಷರತ್ತುಗಳನ್ನು ಮೊದಲೇ ಹೇಳಿಬಿಟ್ಟರು: ಮೆಟ್ಟಿಲು ಹತ್ತಿಸಕೂಡದು, ಬೆಳಗಿನ ಕಾಫಿ ತಪ್ಪಕೂಡದು, ದೇವಸ್ಥಾನ ಇರಬೇಕು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಿರಬೇಕು. ಬಾತ್‌ರೂಮಿನ ವಿಷಯ ಹೇಳಬೇಕಾಗಿಯೇ ಇಲ್ಲ. ಈ ಐದನ್ನೂ ಪೂರೈಸುವ ಜಾಗ ನಮ್ಮ ಮನೆ ಒಂದೇ ಎಂದು ಮಗ ಗೊಣಗಿದ. ವಯಸ್ಸಾದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆಯಲ್ಲ ಎಂದು ಅತ್ತೆ ಕೇಳಿದರು. 2020ರ ಮಾರ್ಚಿನಲ್ಲಿ ನಿಂತದ್ದು ಮತ್ತೆ ಬಂದಿಲ್ಲ ಎಂದೆವು. "ಹಾಗಾದ್ರೆ ನಂಗೆ ವಯಸ್ಸಾಗಿಲ್ಲ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯ್ತು," ಅಂತ ಬೇಜಾರಿಲ್ಲದೆ ತೆಗೆದುಕೊಂಡರು.

ಯಜಮಾನರ ಮೊದಲ ಅಸ್ತ್ರ ನಂದಿ. ಬೆಟ್ಟವಲ್ಲ, ಸ್ಟೇಷನ್ನು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ನ್ಯಾರೋ ಗೇಜ್ ರೈಲು ಓಡಿತು. ಆ ದಾರಿಯ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಸ್ಟೇಷನ್ನುಗಳು ಶತಮಾನ ಕಂಡ ಪುಟ್ಟ ಕಟ್ಟಡಗಳು. ಪಾಳು ಬಿದ್ದಿದ್ದವಕ್ಕೆ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನವರು ಮತ್ತೆ ಜೀವ ಕೊಟ್ಟಿದ್ದಾರೆ. ಇದನ್ನು ಹೇಳುವಾಗ ಯಜಮಾನರ ಕಣ್ಣು ತೇವವಾಗುತ್ತದೆ. ಮದುವೆಯಾದ ಹೊಸದರಲ್ಲಿ ನನ್ನನ್ನು ನೋಡಿ ಆಗಿರಲಿಲ್ಲ.

"ಇಳಿದು ಏನು ಮಾಡೋದು?" ಅತ್ತೆಯ ಪ್ರಶ್ನೆ.

"ಸ್ಟೇಷನ್ ನೋಡೋದಮ್ಮ."

"ಆಮೇಲೆ?"

ಆಮೇಲೆ ತಲೆಯ ಮೇಲೇ 1478 ಮೀಟರಿನ ಬೆಟ್ಟ ಕಾಣುತ್ತದೆ, ಹತ್ತಲು ಬಳಸು ದಾರಿ. ಕೆಳಗಿನ ಭೋಗನಂದೀಶ್ವರನ ಗುಡಿ ಎಷ್ಟು ಚೆಂದವೆಂದರೂ ಅಲ್ಲಿಗೆ ಆಟೋ ಸಿಗಬೇಕು. "ಸ್ಟೇಷನ್ ನೋಡೋಕೆ ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗಿ ವಾಪಸ್ ಸ್ಟೇಷನ್ನಿಗೆ ಬರೋದಾ?" ಅಂದರು ಅತ್ತೆ. ಯಜಮಾನರ ದೃಷ್ಟಿಯಲ್ಲಿ ಅದಕ್ಕಿಂತ ಒಳ್ಳೆಯ ಕಾರ್ಯಕ್ರಮವೇ ಇಲ್ಲ. ಆದರೆ ಬಹುಮತ ಬರಲಿಲ್ಲ.

ಮಗನದು ಕೆಜಿಎಫ್. ಸಿನಿಮಾ ನೋಡಿದಾಗಿನಿಂದ ಅವನ ತಲೆಯಲ್ಲಿ ಅದೇ. ಬಂಗಾರಪೇಟೆಯಲ್ಲಿ ಕವಲೊಡೆಯುವ ಹಳಿ ಮಾರಿಕುಪ್ಪಂವರೆಗೆ ಹೋಗಿ ಅಲ್ಲಿಗೆ ಮುಗಿದೇ ಹೋಗುತ್ತದೆ. ಸುತ್ತ ಬ್ರಿಟಿಷರ ಬಂಗಲೆಗಳು, ಕಾರ್ಮಿಕರ ಸಾಲುಮನೆಗಳು, ಚಿನ್ನ ತೆಗೆದುಬಿಟ್ಟ ಮಣ್ಣಿನ ಸೈನೈಡ್ ದಿಬ್ಬಗಳು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಷ್ಟು ಹೊತ್ತು ಆಸಕ್ತಿಯಿಂದ ಕೇಳುತ್ತಿದ್ದ ಅತ್ತೆ, ಮುಚ್ಚಿದೆ ಎಂದ ಕೂಡಲೇ, "ಚಿನ್ನ ಇಲ್ಲದ ಮೇಲೆ ಅಲ್ಲೇನು ಕೆಲಸ?" ಎಂದು ಜಪದ ಸರ ಕೈಗೆತ್ತಿಕೊಂಡರು. ನಾನು ಮಗನ ಕಡೆಗೇ ಇದ್ದೆ. ಕಾರಣ ಬಂಗಾರಪೇಟೆಯ ಪಾನಿಪುರಿ. ಅದರ ಪಾನಿ ನೀರಿನಷ್ಟೇ ತಿಳಿಯಾಗಿರುತ್ತದೆ. ನೋಡಿದರೆ ಖಾರದ ಸುಳಿವೇ ಇಲ್ಲ, ಬಾಯಿಗೆ ಬಿದ್ದ ಮೇಲೆ ಹುಟ್ಟಿದ ಊರು ನೆನಪಾಗುತ್ತದೆ. ಅದೇ ಮುಳುವಾಯಿತು. ಮ್ಯೂನಿಕ್ಕಿನ ನಲ್ಲಿ ನೀರು ಕುಡಿದು ಮೆತ್ತಗಾದ ಹೊಟ್ಟೆಗೆ ಬಂಗಾರಪೇಟೆಯ ನೀರು ಕುಡಿಸಿ ನಾಳೆ ಹೆಚ್ಚುಕಡಿಮೆಯಾದರೆ ತಂಗಿಗೆ ಜವಾಬು ಕೊಡುವವರು ಯಾರು?

ಹಿಂದೂಪುರಕ್ಕೆ ಹೋಗಿ ಲೇಪಾಕ್ಷಿ ನೋಡುವ ಸಲಹೆ ಬಂದಷ್ಟೇ ಬೇಗ ಹೋಯಿತು. ರೈಲಿಳಿದು ಮತ್ತೆ ಬಸ್ಸು ಅಂದರೆ ಅತ್ತೆ ಕಣ್ಣು ಮುಚ್ಚಿಕೊಳ್ಳುತ್ತಾರೆ.

ನಾದಿನಿ ಫೋನಿನಲ್ಲೇ ಶ್ರವಣಬೆಳಗೊಳ ಅಂದಳು. ಅವಳ ಮಾತು ತೆಗೆದುಹಾಕುವಂತಿರಲಿಲ್ಲ. 2017ರಲ್ಲಿ ಕುಣಿಗಲ್ ಮೇಲೆ ಹಾಸನದ ಹೊಸ ದಾರಿ ತೆರೆದ ಮೇಲೆ ಬಾಹುಬಲಿ ನಿಜಕ್ಕೂ ಹತ್ತಿರ ಬಂದಿದ್ದಾನೆ. ಆದರೆ ಅವನಿರುವುದು ಬೆಟ್ಟದ ನೆತ್ತಿಯಲ್ಲಿ, ಆರುನೂರಕ್ಕೂ ಹೆಚ್ಚು ಮೆಟ್ಟಿಲಾಚೆ. ಅಮ್ಮನಿಗೆ ಡೋಲಿ ಮಾಡಿಸಿದರಾಯಿತು ಅಂದಳು ಮಗಳು. ಸ್ಪೀಕರಿನಲ್ಲಿದ್ದದ್ದು ಅವಳಿಗೆ ಗೊತ್ತಿರಲಿಲ್ಲ.

"ನನ್ನನ್ನ ನಾಲ್ಕು ಜನ ಹೊತ್ತುಕೊಂಡು ಹೋಗೋ ಕಾಲ ಹೇಗೂ ಬರುತ್ತೆ ಕಣೇ. ಡಿಸೆಂಬರಿಗೇ ಯಾಕೆ ಅವಸರ?" ಅಂದರು ಅತ್ತೆ. ನಾದಿನಿಯ ಕಡೆಯಿಂದ ರೈಲು ಕೂಗಿದ್ದು ಮಾತ್ರ ಕೇಳಿಸಿತು.

ಇಷ್ಟೆಲ್ಲ ಆದ ಮೇಲೆ ಬಂದದ್ದು ಸಕಲೇಶಪುರ. ಇದರ ಬಗ್ಗೆ ನಮ್ಮಲ್ಲಿ ನಡೆದ ಮಾತು ಬರೆದರೆ ಒಂದು ಪುರವಣಿಯೇ ಆಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ 55 ಕಿಲೋಮೀಟರು ಘಾಟಿ, 57 ಸುರಂಗ, ಲೆಕ್ಕವಿಲ್ಲದ ಜಲಪಾತ, ಮಳೆ ನಿಂತ ಮೇಲೂ ಒದ್ದೆಯಾಗಿರುವ ಕಾಡು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂಬ ಸ್ಟೇಷನ್ನುಗಳ ಹೆಸರನ್ನು ಯಜಮಾನರು ಸಹಸ್ರನಾಮದ ಧಾಟಿಯಲ್ಲಿ ಹೇಳುತ್ತಾರೆ. 1979ರಲ್ಲಿ ಮೀಟರ್ ಗೇಜ್ ಬಂತು, 1996ರಲ್ಲಿ ಅಗಲ ಮಾಡುತ್ತೇವೆಂದು ನಿಲ್ಲಿಸಿದರು, ಮತ್ತೆ ಜನ ಕೂತು ಹೋಗುವ ರೈಲು ಬರುವಷ್ಟರಲ್ಲಿ 2007 ಮುಗಿಯುತ್ತ ಬಂದಿತ್ತು. ರೈಲಿಲ್ಲದ ಆ ವರ್ಷಗಳಲ್ಲಿ ಹಳಿಯ ಮೇಲೆ ನಡೆದು ಹೋದ ಬೆಂಗಳೂರಿನ ಹುಡುಗರು ಈಗ ಮಂಡಿ ಹಿಡಿದುಕೊಂಡು ಅದೇ ಕಥೆ ಹೇಳುತ್ತಾರೆ. ನಮ್ಮ ಎದುರುಮನೆಯಲ್ಲೇ ಒಬ್ಬರಿದ್ದಾರೆ, ಸಿಕ್ಕರೆ ಬಿಡುವುದಿಲ್ಲ. ಈಗ ಹಾಗೆ ನಡೆಯಲು ಬಿಡುವುದಿಲ್ಲ, ಬಿಡಬಾರದು ಕೂಡ.

2021ರ ಜುಲೈಯಿಂದ ಈ ದಾರಿಯಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಬೇರೆ ಬಂದಿದೆ. ಸೀಟನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಕೂರಬಹುದು. "ನೋಡಿ, ಯೂರೋಪಿಗೇನು ಕಮ್ಮಿ!" ಅಂತ ಯಜಮಾನರು ವಿಡಿಯೋ ತೋರಿಸಿದರು. ಚೆನ್ನಾಗಿಯೇ ಇತ್ತು. ನನಗೆ ಬಂದ ಅನುಮಾನ ಒಂದೇ: 57 ಸುರಂಗ ಅಂದರೆ 57 ಸಲ ಕತ್ತಲು, ಅಷ್ಟು ದೊಡ್ಡ ಗಾಜಿನಲ್ಲಿ ಅಷ್ಟು ಸಲವೂ ಕಾಣುವುದು ನಮ್ಮ ಮುಖವೇ. ಅದಕ್ಕೆ ಅಷ್ಟು ದುಡ್ಡು ಕೊಡಬೇಕೇ? ಮನೆಯಲ್ಲಿ ಕನ್ನಡಿ ಇದೆ.

ಕೆಡಿಸಿದ್ದು ಗಾಜಲ್ಲ, ಗಡಿಯಾರ. ಮಂಗಳೂರಿನ ಹಗಲು ರೈಲು ಯಶವಂತಪುರ ಬಿಡುವುದು ಬೆಳಿಗ್ಗೆ ಏಳಕ್ಕೆ. ಭಾನುವಾರ ಮೆಟ್ರೊ ಶುರುವಾಗುವುದೂ ಏಳಕ್ಕೇ. ಇಬ್ಬರೂ ಒಂದೇ ಮುಹೂರ್ತಕ್ಕೆ ಹೊರಟರೆ ಭೇಟಿಯಾಗುವುದು ಎಲ್ಲಿ? ಇನ್ನು ಘಾಟಿ ಇಳಿದ ಮೇಲೆ ಅದೇ ದಿನ ದೀಪ ಹಚ್ಚಲು ಜೆ.ಪಿ. ನಗರಕ್ಕೆ ಬರುವುದು ಹನುಮಂತನಿಗೆ ಮಾತ್ರ ಸಾಧ್ಯ, ಅವನು ಹೇಗೂ ರಾಗಿಗುಡ್ಡದಲ್ಲೇ ಇದ್ದಾನೆ. ಟಿಕೆಟ್ಟಿನ ಪಾಡು ಬೇರೆ. 2024ರ ನವೆಂಬರಿನಿಂದ ಬುಕಿಂಗ್ ತೆರೆಯುವುದು 120 ದಿನ ಮೊದಲಲ್ಲ, 60 ದಿನ ಮೊದಲು. ಮಗ ಬೆಳಗಾಗೆದ್ದು ಕೂತು ಬೆರಳು ಒತ್ತಿದ. ಪುಟ ತೆರೆಯುವಷ್ಟರಲ್ಲಿ ವೇಟಿಂಗ್ ಲಿಸ್ಟು ತೋರಿಸಿತು. ಉಳಿದದ್ದು ತತ್ಕಾಲ್. ಅದಕ್ಕೆ ಈಗ ಆಧಾರ್ ಬೇಕು, ಓಟಿಪಿ ಬೇಕು, ಓಟಿಪಿ ಬರುವ ಹೊತ್ತಿಗೆ ಸಿಗ್ನಲ್ ಇರಬೇಕು. ನಮ್ಮ ಮನೆಯಲ್ಲಿ ಸಿಗ್ನಲ್ ಇರುವುದು ಬಟ್ಟೆ ಒಣಗಿಸುವ ಕಡೆ ಮಾತ್ರ. ಹಿಂದಿನ ದಿನ ಹತ್ತು ಗಂಟೆಗೆ ಒದ್ದೆ ಬಟ್ಟೆಗಳ ನಡುವೆ ನಿಂತು ನಾಳೆಯ ಭಾಗ್ಯ ಕಾಯುವುದಕ್ಕೆ ಪಿಕ್ನಿಕ್ಕು ಅನ್ನಲು ನಾನು ತಯಾರಿರಲಿಲ್ಲ.

ಹಾಗಾದರೆ ಮೈಸೂರು? ನೀವು ಕೇಳಿಯೇ ಕೇಳುತ್ತೀರಿ. ಮ್ಯೂನಿಕ್ಕಿಗೆ ಸಾಲ್ಸ್‌ಬರ್ಗ್ ಹೇಗೋ ಬೆಂಗಳೂರಿಗೆ ಮೈಸೂರು ಹಾಗೆ ಅಂತ ಲೆಕ್ಕ ಸುಲಭ. 1882ರ ಹೊತ್ತಿಗೇ ಅಲ್ಲಿಗೆ ರೈಲು ಹೋಗಿದೆ. ಈಗ ಜೋಡಿ ಹಳಿ, ವಿದ್ಯುತ್ತು, ಶತಾಬ್ದಿ, 2022ರ ನವೆಂಬರಿನಿಂದ ವಂದೇ ಭಾರತ್. ರೈಲಿಗೆ ಬರವಿಲ್ಲ. ಆದರೆ ಮೈಸೂರಿನಲ್ಲಿ ನಮ್ಮ ನೆಂಟರಿದ್ದಾರೆ. ಕುವೆಂಪುನಗರದಲ್ಲಿ ಯಜಮಾನರ ಸೋದರತ್ತೆಯ ಮಗ, ಸರಸ್ವತಿಪುರಂನಲ್ಲಿ ಅತ್ತೆಯ ಸ್ವಂತ ತಂಗಿ. ಮೈಸೂರಿಗೆ ಹೋಗಿ ಇಬ್ಬರ ಮನೆಗೂ ಹೋಗದಿದ್ದರೆ ತಪ್ಪು. ಒಬ್ಬರ ಮನೆಗೆ ಹೋಗಿ ಇನ್ನೊಬ್ಬರನ್ನು ಬಿಟ್ಟರೆ ಮಹಾಪರಾಧ. ಇಬ್ಬರ ಮನೆಗೂ ಹೋದರೆ ಅರಮನೆಯ ದೀಪವಿರಲಿ, ಹೊರಗಿನ ಗೋಡೆಯೂ ಕಾಣುವುದಿಲ್ಲ. ಎರಡು ಊಟ, ನಾಲ್ಕು ಕಾಫಿ ಮುಗಿಸಿ ಹೊಟ್ಟೆ ಹಿಡಿದು ರೈಲು ಹತ್ತುವುದೇ. ನೆಂಟರಿರುವ ಊರಿಗೆ ಹೋಗುವುದು ಡ್ಯೂಟಿ. ಪಿಕ್ನಿಕ್ಕಿಗೆ ಯಾರ ಪರಿಚಯವೂ ಇಲ್ಲದ ಊರೇ ಆಗಬೇಕು. ಸಾಲ್ಸ್‌ಬರ್ಗಿನ ಮುಖ್ಯ ಸೌಕರ್ಯ ಅದೇ ಅಂತ ನನ್ನ ಅಭಿಪ್ರಾಯ.

ಕೊನೆಗೆ ಬಾಯಿ ಬಿಟ್ಟವರು ಅತ್ತೆಯೇ. "ಆದಿರಂಗನ್ನ ನೋಡಿ ಎಷ್ಟು ವರ್ಷವಾಯ್ತು. ರಂಗನಾಥನ ಗುಡಿ ಸ್ಟೇಷನ್ನಿಗೆ ಹತ್ತಿರವೇ. ಬೆಟ್ಟವಿಲ್ಲ, ಗಿಟ್ಟವಿಲ್ಲ," ಅಂದರು. ಶ್ರೀರಂಗಪಟ್ಟಣ! ಮೈಸೂರಿಗಿಂತ ಹದಿನೈದು ಕಿಲೋಮೀಟರು ಈಚೆ. ಕೋಟೆ ಇದೆ, ಇತಿಹಾಸವಿದೆ, ಕಾವೇರಿ ಇದೆ, ದೇವರಿದ್ದಾನೆ, ನೆಂಟರಿಲ್ಲ. ಸಭೆ ಇಷ್ಟು ಬೇಗ ಒಮ್ಮತಕ್ಕೆ ಬಂದದ್ದು ನಮ್ಮ ಮನೆಯ ಇತಿಹಾಸದಲ್ಲಿಲ್ಲ. ವೈಕುಂಠ ಏಕಾದಶಿಯ ನೂಕುನುಗ್ಗಲು ಬಿಟ್ಟು ಬೇರೆ ದಿನ, ಭಾನುವಾರದ ಮೆಟ್ರೊ ನಂಬದೆ ಶನಿವಾರ, ಬುಕಿಂಗಿನ ಗೊಡವೆಯೇ ಇಲ್ಲದ ಪ್ಯಾಸೆಂಜರ್ ರೈಲು ಎಂದು ತೀರ್ಮಾನವಾಯಿತು. ಮೈಸೂರಿನವರಿಗೆ ಯಾರೂ ಉಸಿರು ಬಿಡಕೂಡದೆಂದು ಅತ್ತೆ ಎಲ್ಲರ ಕೈಯಲ್ಲೂ ಮಾತು ತೆಗೆದುಕೊಂಡರು.

ಆ ದಿನ ಮೆಟ್ರೊ ಇಳಿದು ಸಿಟಿ ಸ್ಟೇಷನ್ನಿನ ಹತ್ತನೇ ಪ್ಲಾಟ್‌ಫಾರಂ ಕಡೆಯಿಂದ ಒಳಗೆ ಹೋದೆವು. ಅದಕ್ಕೀಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿದ್ದರೂ ಅತ್ತೆಗೆ ಅದು ಸಿಟಿ ಸ್ಟೇಷನ್ನೇ. ಯಜಮಾನರು ಸರತಿಯಲ್ಲಿ ನಿಲ್ಲುವುದಿಲ್ಲ, ಫೋನಿನಲ್ಲೇ ಟಿಕೆಟ್ ತೆಗೆಯುತ್ತೇನೆಂದು ಹಟ ಹಿಡಿದಿದ್ದರು. ಆ ಆ್ಯಪಿನ ನಿಯಮ ಸ್ವಾರಸ್ಯವಾಗಿದೆ: ಸ್ಟೇಷನ್ನಿನ ಒಳಗೆ ನಿಂತು ಒತ್ತಿದರೆ ಟಿಕೆಟ್ ಕೊಡುವುದಿಲ್ಲ, ಹೊರಗೆ ಹೋಗು ಅನ್ನುತ್ತದೆ. ಹೀಗಾಗಿ ರೈಲು ಬಂದು ನಿಂತಾಗ ನಾವೆಲ್ಲ ರೈಲಿನ ಕಡೆಗೆ ಓಡುತ್ತಿದ್ದರೆ ಯಜಮಾನರು ಫೋನನ್ನು ಎದುರಿಗೆ ಹಿಡಿದು ವಿರುದ್ಧ ದಿಕ್ಕಿಗೆ ಓಡುತ್ತಿದ್ದರು. "ದೊಡ್ಡಪ್ಪಂಗೆ ಬರೋಕೆ ಇಷ್ಟ ಇಲ್ವಾ?" ಅಂದಳು ಮ್ಯೂನಿಕ್ಕಿನವಳು. ಹೊರಡುವುದಕ್ಕೆ ಸ್ವಲ್ಪ ಮುಂಚೆ ಬೆವರೊರೆಸಿಕೊಂಡು ಬಂದರು, ಟಿಕೆಟ್ಟಿನ ಸಮೇತ. ರೈಲೂ ತಡವಾಗಿ ಹೊರಟು ಸಹಕರಿಸಿತು. ಆರು ನಿಮಿಷದ ಲೆಕ್ಕವನ್ನು ಅವಳು ಎತ್ತಲಿಲ್ಲ, ಒಳ್ಳೆಯ ಹುಡುಗಿ.

ಕೆಂಗೇರಿ ಹತ್ತಿರ ವೃಷಭಾವತಿಯ ಪರಿಚಯ ಮೂಗಿಗಾಯಿತು. ರಾಮನಗರದ ಬಂಡೆಗಳು ಬಂದಾಗ ಯಜಮಾನರು ವಾಡಿಕೆಯಂತೆ ಎದ್ದು ನಿಂತು, 1975ರ ಶೋಲೆಯ ಗಬ್ಬರ್ ಸಿಂಗ್ ಇಲ್ಲೇ ಇದ್ದದ್ದು ಅಂದರು. ಅವನು ಹೋದ ಮೇಲೆ ಜಾಗವನ್ನು ರಣಹದ್ದುಗಳಿಗೆ ಬಿಟ್ಟುಕೊಟ್ಟಿದ್ದಾರೆ. 2012ರಲ್ಲಿ ಅದು ರಣಹದ್ದು ಧಾಮವಾಯಿತು. ಚನ್ನಪಟ್ಟಣದಲ್ಲಿ ಬಣ್ಣದ ಬುಗುರಿಯವನು ಹತ್ತಿದ. ನಮ್ಮ ಹುಡುಗಿ ಮ್ಯೂನಿಕ್ಕಿನ ಸಹೋದ್ಯೋಗಿಗಳಿಗೆಂದು ಚೀಲ ತುಂಬಿಸಿಕೊಂಡಳು.

ಮದ್ದೂರು ಬಂದಾಗ ಬೋಗಿಯೇ ಎದ್ದು ಕುಳಿತಿತು. ವಡೆಯ ಕಥೆ ಗೊತ್ತಿರುವುದೇ. 1917ರಲ್ಲಿ ಈ ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರು ಒಂದು ದಿನ ರೈಲು ಬೇಗ ಬಂದುಬಿಟ್ಟಿತೆಂದು ಇದ್ದ ಹಿಟ್ಟನ್ನು ಗಡಿಬಿಡಿಯಲ್ಲಿ ಕೈಯಲ್ಲೇ ತಟ್ಟಿ ಎಣ್ಣೆಗೆ ಬಿಟ್ಟರೆಂದು ಹೇಳುತ್ತಾರೆ. ರೈಲು ಬೇಗ ಬಂದದ್ದಕ್ಕೆ ಹುಟ್ಟಿದ ತಿಂಡಿ ಜಗತ್ತಿನಲ್ಲಿ ಇದೊಂದೇ ಇರಬೇಕು. ಅತ್ತೆ ವಡೆ ತೆಗೆದುಕೊಳ್ಳುವ ರೀತಿ ನೋಡಬೇಕು. ಕಾಗದದಲ್ಲಿ ಸುತ್ತಿದ್ದನ್ನು ಬಿಚ್ಚಿ, ಮೇಲಿನದನ್ನು ಬಿಟ್ಟು ಎರಡನೆಯದನ್ನು ಎತ್ತಿ, ಉಗುರಿನಿಂದ ಅಂಚಿಗೆ ತಟ್ಟಿ ಕಿವಿ ಹತ್ತಿರ ಹಿಡಿಯುತ್ತಾರೆ. ಟಣ್ ಅನ್ನದಿದ್ದರೆ ವಾಪಸ್ಸು. ಅಂದಿತು. ಮುರಿದಾಗ ಕಂದಿದ ಈರುಳ್ಳಿಯ ಎಳೆಯೊಂದು ಎರಡು ತುಂಡಿನ ನಡುವೆ ಬಿಡದೆ ಜೋತಾಡಿತು. ಕರಿಬೇವಿನ ಘಮಕ್ಕೆ ಪಕ್ಕದ ಸೀಟಿನ ಮಗು ಅಳು ನಿಲ್ಲಿಸಿ ಇತ್ತ ತಿರುಗಿತು. ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದಲ್ಲಿಟ್ಟು, ಆಮೇಲೆ ಯೋಚಿಸಿ ಮತ್ತೆ ಹಾಕಿಕೊಂಡು ಅತ್ತೆ ವಡೆ ಮುಗಿಸಿದರು.

ಮಂಡ್ಯದಲ್ಲಿ ಜನ ಹತ್ತಿದರು. ಅವರಲ್ಲೊಬ್ಬರು ಚೀಲದಲ್ಲಿ ಬೆಲ್ಲದ ಅಚ್ಚು ಹಿಡಿದುಕೊಂಡು ಕಂಬಿಗೆ ಒರಗಿ ನಿಂತು, ನಮ್ಮನ್ನೇ ನೋಡಿ, ಕನ್ನಡಕ ಸರಿ ಮಾಡಿಕೊಂಡು, ಮತ್ತೆ ನೋಡಿದರು. ಕುವೆಂಪುನಗರದವರು. ಸೋದರತ್ತೆಯ ಮಗ. ಬೆಂಗಳೂರಿಂದ ಮೈಸೂರಿನವರೆಗೆ ಅಷ್ಟು ರೈಲು, ಅಷ್ಟು ಬೋಗಿ. ಅವರಿಗೆ ಇದೇ ಬೇಕಿತ್ತು.

"ಏನತ್ತೆ, ಸವಾರಿ ಮೈಸೂರಿಗಾ? ಒಂದು ಫೋನ್ ಬೇಡವಾ?" ಅಂದರು.

"ಇಲ್ಲ ಭಾವ, ಶ್ರೀರಂಗಪಟ್ಟಣಕ್ಕೆ ಅಷ್ಟೇ," ಅಂದರು ಯಜಮಾನರು, ಸಿಕ್ಕಿಬಿದ್ದವರ ದನಿಯಲ್ಲಿ.

ಅಷ್ಟರಲ್ಲಿ ಪಾಂಡವಪುರ ದಾಟಿ ರೈಲು ಕಾವೇರಿಯ ಸೇತುವೆಗೆ ಬಂತು. ಅತ್ತೆ ಎರಡೂ ಕೈ ಜೋಡಿಸಿ, "ನಾಣ್ಯ, ನಾಣ್ಯ! ತಾಯಿಗೆ ಹಾಕ್ಬೇಕು," ಅಂದರು. ಎಲ್ಲರೂ ಜೇಬು, ಪರ್ಸು ತಡಕಿದೆವು. ಯಜಮಾನರ ಹತ್ತಿರ ಫೋನು, ನನ್ನ ಹತ್ತಿರ ಫೋನು, ಹುಡುಗಿಯ ಹತ್ತಿರ ಯೂರೋ. "ಕಾವೇರಿಗೆ ಕ್ಯೂಆರ್ ಕೋಡ್ ಇಲ್ಲ ಅಜ್ಜಿ," ಅಂದ ಮಗ. ಸೇತುವೆ ಮುಗಿಯುತ್ತ ಬಂದಿತ್ತು. ಆಗ ಭಾವ ಷರ್ಟಿನ ಜೇಬಿನಿಂದ ಒಂದು ರೂಪಾಯಿ ತೆಗೆದು ಅತ್ತೆಯ ಅಂಗೈಗಿಟ್ಟರು. ಕಿಟಕಿಯ ಕಂಬಿಗೆ ತಗುಲಿ ಠಣ್ಣೆಂದು ಒಳಗೇ ಬಿದ್ದ ಅದನ್ನು ಹೆಕ್ಕಿ ಎರಡನೆಯ ಸಲ ಎಸೆದದ್ದು ನೀರಿಗೆ ಬಿತ್ತೋ ಮಂಟಪಕ್ಕೆ ಬಿತ್ತೋ ರಂಗನಾಥನೇ ಬಲ್ಲ. ಆ ಒಂದು ರೂಪಾಯಿಯ ಋಣದಲ್ಲಿ ನಮ್ಮ ಸ್ವಾತಂತ್ರ್ಯ ಹೋಯಿತು. ಭಾವ ಆಗಲೇ ಮನೆಗೆ ಫೋನ್ ಮಾಡಿ, "ಐದು ಜನಕ್ಕೆ ಅಕ್ಕಿ ಜಾಸ್ತಿ ಹಾಕು," ಅನ್ನುತ್ತಿದ್ದರು.

ಶ್ರೀರಂಗಪಟ್ಟಣ ನೋಡಿದೆವು, ಇಲ್ಲವೆಂದಲ್ಲ. ಭಾವನೂ ಜೊತೆಯಲ್ಲೇ ಇಳಿದರು, ತಪ್ಪಿಸಿಕೊಂಡು ಹೋಗದಂತೆ. ಆದಿರಂಗನ ದರ್ಶನ ಸಾವಕಾಶವಾಗಿ ಆಯಿತು. ಅತ್ತೆಗೆ ಅಷ್ಟು ಸಾಕು. ಯಜಮಾನರಿಗೆ ಮಾತ್ರ ಟಿಪ್ಪುವಿನ ಶಸ್ತ್ರಾಗಾರ ನೋಡಲೇಬೇಕಿತ್ತು. ರೈಲು ಹಳಿ ಜೋಡಿಯಾಗುವಾಗ ಈ ಕಟ್ಟಡ ದಾರಿಗೆ ಅಡ್ಡ ಬಂತು. ಕೆಡವಲಿಲ್ಲ. 2017ರಲ್ಲಿ ಬುಡದಿಂದ ಹಾಗೇ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು, ಇಟ್ಟಿಗೆ ಗಾರೆ ಸಮೇತ. ನಮ್ಮ ಹುಡುಗಿ ಅದರ ಸುತ್ತ ಬಂದು, ಇಡೀ ಕಟ್ಟಡವನ್ನೇ ಸರಿಸಿದರಾ ಎಂದು ಬಾಯಿ ಬಿಟ್ಟಳು. ನಾನು ಅಂದುಕೊಂಡದ್ದು ಇಷ್ಟೇ: ಅಷ್ಟು ದೊಡ್ಡ ಕಟ್ಟಡ ಸರಿಸುವವರು ಒಂದು ಸ್ಟೇಷನ್ನನ್ನು ಸ್ವಲ್ಪ ಜೆ.ಪಿ. ನಗರದ ಕಡೆಗೆ ಸರಿಸಬಾರದೇ?

ಮಧ್ಯಾಹ್ನ ಕುವೆಂಪುನಗರದಲ್ಲಿ ಊಟ. ಬಿಸಿ ಅನ್ನ, ಅವರೆಕಾಳು ಹುಳಿ, ಮಂಡ್ಯದ ಆ ಬೆಲ್ಲದಲ್ಲೇ ಮಾಡಿದ ಗಸಗಸೆ ಪಾಯಸ. ಹುಡುಗಿ ಮೂರು ಸಲ ಪಾಯಸ ಹಾಕಿಸಿಕೊಂಡು, "ಸಾಲ್ಸ್‌ಬರ್ಗ್‌ನಲ್ಲಿ ಯಾರೂ ಊಟಕ್ಕೆ ಕರೀಲಿಲ್ಲ ದೊಡ್ಡಮ್ಮ," ಅಂದಳು. ಎಲೆ ಮುಂದಿಟ್ಟುಕೊಂಡು ಎಲ್ಲರದೂ ಒಂದು ಫೋಟೋ ಆಯಿತು. ಅದನ್ನು ಆ ಹುಡುಗಿ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದು ನಮಗೆ ಗೊತ್ತಾದದ್ದು ವಾಪಸ್ ರೈಲಿನಲ್ಲಿ, ರಾಮನಗರದ ಹತ್ತಿರ. ಸರಸ್ವತಿಪುರಂ ಚಿಕ್ಕಮ್ಮನಿಂದ ಜೋಡಿಸಿದ ಎರಡು ಕೈಗಳ ಚಿತ್ರ ಮಾತ್ರ ಬಂದಿತ್ತು, ಒಂದಕ್ಷರವೂ ಇಲ್ಲದೆ. ಅತ್ತೆ ಅದನ್ನು ನೋಡಿ, ಕನ್ನಡಕ ತೆಗೆದು, "ಮುಂದಿನ ಶನಿವಾರ ಇನ್ನೊಂದು ಸಲ ಹೋಗ್ಬೇಕು," ಅಂದರು. ಮಲ್ಲೇಶ್ವರದಿಂದಲೂ ಆಗಲೇ ಫೋನ್ ಬರುತ್ತಿತ್ತು. ಯಾರೂ ಎತ್ತಲಿಲ್ಲ.

ದಕ್ಷಿಣ ಬೆಂಗಳೂರಿನಿಂದ ಒಂದು ದಿನದ ರೈಲು ತಿರುಗಾಟಕ್ಕೆ ಶ್ರೀರಂಗಪಟ್ಟಣದಂಥ ಊರಿಲ್ಲ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಧಾರಾಳವಾಗಿ ಹೋಗಿ ಬನ್ನಿ. ದಾರಿಯಲ್ಲಿ ಯಾರಾದರೂ ಸಿಕ್ಕಿ ಎಲ್ಲಿಗೆ ಎಂದು ಕೇಳಿದರೆ ಮಾತ್ರ ಮಂಡ್ಯಕ್ಕೆ ಅನ್ನಿ. ಮಂಡ್ಯದಲ್ಲಿ ನಿಮಗೆ ನೆಂಟರಿದ್ದರೆ ಪಾಂಡವಪುರ ಅನ್ನಿ.